ಬಾವುಟದ ಬಾಕಿ ದೇಶದ ಬಾಕಿಯಲ್ಲ

ಒಂದು ದೇಶದ ಕೊಳ್ಳುಗರಿಗೆ ಹೊರದೇಶಗಳ ಮಾರಾಟಗಾರರು ಉದ್ದರಿಯಾಗಿ ಕೊಟ್ಟ ಸರಕಿನ ಹಣ ಬಾರದೆ ಹೋದರೆ ತುಂಬಿಕೊಡುವುದಾಗಿ ವಿಮಾ ಸಂಸ್ಥೆಗಳು ಹೊತ್ತುಕೊಂಡಿರುವ ಒಟ್ಟು ಬಾಧ್ಯತೆಯನ್ನು, ಅಂತರರಾಷ್ಟ್ರೀಯ ಸಾಲದ ಅಂಕಿಅಂಶಗಳಲ್ಲಿ ವಿಮೆಗೊಳಪಟ್ಟ ರಫ್ತು ಉದ್ದರಿ ಎಂಬ ಪ್ರತ್ಯೇಕ ಸಾಲಿನಲ್ಲಿ ತೋರಿಸುವ ರೂಢಿಯಿದೆ. ಈ ಬಾಧ್ಯತೆಯನ್ನು ಇಲ್ಲಿ ಹೊಣೆಮೊತ್ತ ಎಂದು ಕರೆಯಬಹುದು. ಈ ಮೊತ್ತವನ್ನು ದೇಶವಾರು ವಿಂಗಡಿಸಿ, ಎರಡು ದೇಶಗಳನ್ನು ಅಕ್ಕಪಕ್ಕ ನಿಲ್ಲಿಸಿ, ಯಾವುದರ ಮೊತ್ತ ಹೆಚ್ಚೋ ಅದು ಸಾಲದಲ್ಲಿ ಮುಳುಗಿದ ದೇಶ, ಯಾವುದರದು ಕಡಿಮೆಯೋ ಅದು ಹಾಸಿಗೆಯಿದ್ದಷ್ಟೇ ಕಾಲು ಚಾಚಿದ ದೇಶ ಎಂದು ತೀರ್ಮಾನಿಸುವುದು ಕೋಷ್ಟಕಗಳ ಮೂಲಕ ಜಗತ್ತನ್ನು ಓದುವವರಲ್ಲಿ ಬೇರೂರಿರುವ ಅಭಿಪ್ರಾಯ. ದೊಡ್ಡ ದೇಶಗಳ ಮಟ್ಟಿಗೆ ಈ ಅಭಿಪ್ರಾಯವನ್ನು ಸ್ಥೂಲವೆಂದು ಸಹಿಸಿಕೊಳ್ಳಬಹುದಾದರೂ, ಸಣ್ಣ ದೇಶಗಳ ಮಟ್ಟಿಗೆ ಅದು ಓದುಗನನ್ನು ಸತ್ಯದ ಎದುರು ದಿಕ್ಕಿಗೆ ಕರೆದೊಯ್ಯುತ್ತದೆ ಎಂಬುದನ್ನು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳು ಮತ್ತು ಹಿಮಾಲಯದ ಭೂತಾನ್ ಎಂಬ ಎರಡು ದೇಶಗಳನ್ನು ಮುಂದಿಟ್ಟುಕೊಂಡು ಸಾಧಿಸುವುದು ಈ ಲೇಖನದ ಉದ್ದೇಶ.

ಖಂಡನೆಗೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ಅಂಗಡಿಯವನು ಪರಿಚಿತ ಗಿರಾಕಿಗೆ ಸಾಮಾನು ಕೊಟ್ಟು ಹಣವನ್ನು ತಿಂಗಳ ಕೊನೆಗೆ ಪಡೆಯುವುದು ಉದ್ದರಿಯಾದರೆ, ಮಂಗಳೂರಿನ ಗೋಡಂಬಿ ವ್ಯಾಪಾರಿ ಹಡಗಿಗೆ ಮಾಲು ಏರಿಸಿ, 60 ಅಥವಾ 90 ದಿನಗಳ ನಂತರ ವಿದೇಶದ ಕೊಳ್ಳುಗನಿಂದ ಹಣ ಪಡೆಯಲು ಒಪ್ಪುವುದು ರಫ್ತು ಉದ್ದರಿ. ಅಂಗಡಿಯವನು ಬಾಕಿದಾರನ ಮನೆಬಾಗಿಲಿಗೆ ಹೋಗಿ ಕೇಳಬಲ್ಲ. ಗೋಡಂಬಿ ವ್ಯಾಪಾರಿಗೆ ಆ ಅನುಕೂಲವಿಲ್ಲ. ಕೊಳ್ಳುಗ ದಿವಾಳಿಯಾಗಬಹುದು, ಅವನ ದೇಶದಲ್ಲಿ ಯುದ್ಧ ನಡೆಯಬಹುದು, ಅಥವಾ ಕೊಳ್ಳುಗ ತನ್ನ ಬ್ಯಾಂಕಿಗೆ ಹಣ ಕಟ್ಟಿದರೂ ಅಲ್ಲಿನ ಸರ್ಕಾರ ಡಾಲರ್ ಹೊರಹೋಗದಂತೆ ತಡೆಯಬಹುದು. ಇವುಗಳಲ್ಲಿ ಮೊದಲನೆಯದನ್ನು ವಾಣಿಜ್ಯ ಅಪಾಯವೆಂದೂ ಉಳಿದವನ್ನು ರಾಜಕೀಯ ಅಪಾಯವೆಂದೂ ವಿಮಾ ಕ್ಷೇತ್ರದಲ್ಲಿ ಕರೆಯುತ್ತಾರೆ. ಈ ಅಪಾಯಗಳನ್ನು ಪ್ರೀಮಿಯಂ ಪಡೆದು ಹೊರುವ ಸರ್ಕಾರಿ ವ್ಯವಸ್ಥೆ ಬ್ರಿಟನ್ನಿನಲ್ಲಿ 1919ರಲ್ಲಿ ಆರಂಭವಾಯಿತು. ಇಂಥ ವಿಮಾದಾರರ ಅಂತರರಾಷ್ಟ್ರೀಯ ಒಕ್ಕೂಟವಾದ ಬರ್ನ್ ಯೂನಿಯನ್ 1934ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ 1957ರಲ್ಲಿ ಹುಟ್ಟಿ ಈಗ ಇಸಿಜಿಸಿ ಎಂಬ ಹೆಸರಿನಲ್ಲಿರುವ ಸಂಸ್ಥೆಯೂ ಆ ಒಕ್ಕೂಟದ ಸದಸ್ಯ. ಒಕ್ಕೂಟದ ಸದಸ್ಯರ ಲೆಕ್ಕಗಳನ್ನು ಒಟ್ಟುಗೂಡಿಸಿದಾಗ ದೊರೆಯುವ ದೇಶವಾರು ಹೊಣೆಮೊತ್ತಗಳು, ಐಎಂಎಫ್, ವಿಶ್ವಬ್ಯಾಂಕ್, ಒಇಸಿಡಿ ಮತ್ತು ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕ್ ಎಂಬ ನಾಲ್ಕು ಸಂಸ್ಥೆಗಳು 2006ರಲ್ಲಿ ಜಂಟಿಯಾಗಿ ತೆರೆದ ವಿದೇಶಿ ಸಾಲದ ದತ್ತಾಂಶ ಭಂಡಾರದಲ್ಲಿ ಸ್ಥಾನ ಪಡೆದಿವೆ. ಅಲ್ಲಿಂದ ಅವು ದೇಶ ದೇಶಗಳನ್ನು ಹೋಲಿಸುವ ಸಿದ್ಧ ಕೋಷ್ಟಕಗಳಿಗೆ ಹರಿದು, ಜನಸಂಖ್ಯೆ ಮತ್ತು ತಲಾ ಆದಾಯಗಳ ಪಕ್ಕದಲ್ಲಿ, ದೇಶದ ಮೈಲಕ್ಷಣವೋ ಎಂಬಂತೆ ನಿಲ್ಲುತ್ತವೆ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿಯೇ ನಿರೂಪಿಸುವುದು ನ್ಯಾಯ. ಈ ಅಂಕಿಗಳನ್ನು ಒಂದೇ ಒಕ್ಕೂಟವು ಒಂದೇ ನಮೂನೆಯಲ್ಲಿ ಸಂಗ್ರಹಿಸುವುದರಿಂದ ಅವುಗಳನ್ನು ಹೋಲಿಸಬಹುದು ಎಂಬುದು ಅದರ ಮೊದಲ ವಾದ. ವಿಮಾದಾರ ತನ್ನ ಹಣವನ್ನೇ ಪಣಕ್ಕಿಟ್ಟಿರುವುದರಿಂದ ಅವನ ಲೆಕ್ಕ ಸಾಲಗಾರ ದೇಶ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಲೆಕ್ಕಕ್ಕಿಂತ ನಂಬಲರ್ಹ ಎಂಬುದು ಎರಡನೆಯದು. ಸಣ್ಣ ದೇಶಗಳಲ್ಲಿ ಅಂಕಿಅಂಶ ಇಲಾಖೆಗಳೇ ದುರ್ಬಲವಾಗಿರುವುದರಿಂದ ಸಾಲ ಕೊಟ್ಟವರ ಕಡೆಯ ಲೆಕ್ಕವನ್ನು ಬಿಟ್ಟರೆ ಬೇರೆ ಗತಿಯಿಲ್ಲ ಎಂಬುದು ಮೂರನೆಯದು. ದೇಶಗಳ ಗಾತ್ರಭೇದದಿಂದ ಆಗುವ ತೊಡಕನ್ನು, ಮೊತ್ತವನ್ನು ಜಿಡಿಪಿಯಿಂದ ಭಾಗಿಸುವ ಮೂಲಕ ನಿವಾರಿಸಿಕೊಳ್ಳಬಹುದು ಎಂಬುದು ನಾಲ್ಕನೆಯದು. ಇವೆಲ್ಲಕ್ಕೂ ಬೆನ್ನೆಲುಬಾಗಿ ಇತಿಹಾಸದ ಒಂದು ಸಾಕ್ಷ್ಯವೂ ಇದೆ. ವಿಮಾದಾರನು ಮಾರಾಟಗಾರನಿಗೆ ನಷ್ಟ ತುಂಬಿಕೊಟ್ಟ ಕ್ಷಣದಿಂದ ಬಾಕಿ ವಸೂಲಿಯ ಹಕ್ಕು ವಿಮಾದಾರನಿಗೆ ವರ್ಗವಾಗುತ್ತದೆ. ಆ ವಿಮಾದಾರ ಸರ್ಕಾರದ ಸಂಸ್ಥೆಯೂ ಬಾಕಿಗೆ ಸಾಲಗಾರ ದೇಶದ ಸರ್ಕಾರವೇ ಹೊಣೆಯೂ ಆಗಿದ್ದರೆ, ವ್ಯಾಪಾರಿಗಳ ನಡುವೆ ಆರಂಭವಾದ ಬಾಕಿ ಸರ್ಕಾರಗಳ ನಡುವಿನ ಸಾಲವಾಗಿ ಬದಲಾಗುತ್ತದೆ. ಸಾಲ ಕೊಟ್ಟ ಸರ್ಕಾರಗಳು ಒಟ್ಟಾಗಿ ಕುಳಿತು ಬಾಕಿ ಇತ್ಯರ್ಥ ಮಾಡುವ ಪ್ಯಾರಿಸ್ ಕ್ಲಬ್ಬಿನ ಮುಂದೆ 2005ರಲ್ಲಿ ನೈಜೀರಿಯ ಸುಮಾರು 30 ಶತಕೋಟಿ ಡಾಲರ್ ಸಾಲದೊಂದಿಗೆ ನಿಂತಾಗ, ಅದರ ಬಹುಪಾಲು ಇಂಥ ರಫ್ತು ಉದ್ದರಿಯಿಂದಲೇ ಹುಟ್ಟಿ, ಕಟ್ಟದೆ ಉಳಿದ ಕಂತು ಮತ್ತು ದಂಡಬಡ್ಡಿಗಳಿಂದ ಊದಿಕೊಂಡದ್ದಾಗಿತ್ತು. ಆದ್ದರಿಂದ ರಫ್ತು ಉದ್ದರಿ ದೇಶದ ಕೊರಳಿಗೆ ಉರುಳಾಗಲಾರದು ಎಂಬ ವಾದವನ್ನು ಯಾರೂ ಮುಂದಿಡುವಂತಿಲ್ಲ. ಇಲ್ಲಿನ ಆಕ್ಷೇಪ ಬೇರೆಯದು: ಉರುಳಾಗಬಲ್ಲ ಉದ್ದರಿಯನ್ನೂ ಆಗಲಾರದ ಉದ್ದರಿಯನ್ನೂ ಒಂದೇ ರಾಶಿಗೆ ಸುರಿದು ತೂಗಿದ ತೂಕದಿಂದ ದೇಶದ ಸ್ಥಿತಿ ತಿಳಿಯುವುದಿಲ್ಲ.

ಮೊದಲು, ಆ ರಾಶಿಯಲ್ಲಿ ಏನಿದೆ ಎಂಬುದನ್ನು ನೋಡಬೇಕು. ಒಂದು ವರ್ಷದೊಳಗಿನ ಅಲ್ಪಾವಧಿ ಉದ್ದರಿಯಲ್ಲಿ ವಿಮಾದಾರ ಪ್ರತಿಯೊಬ್ಬ ವಿದೇಶಿ ಕೊಳ್ಳುಗನಿಗೂ ಒಂದು ಮಿತಿ ಗೊತ್ತುಪಡಿಸುತ್ತಾನೆ. ಅಷ್ಟರವರೆಗಿನ ಬಾಕಿಗೆ ಮಾತ್ರ ವಿಮೆಯ ರಕ್ಷಣೆ. ಗೋಡಂಬಿ ವ್ಯಾಪಾರಿಯ ಒಬ್ಬ ಕೊಳ್ಳುಗನಿಗೆ 1 ಕೋಟಿ ರೂಪಾಯಿಯ ಮಿತಿ ಇದ್ದು, ತ್ರೈಮಾಸಿಕದ ಕೊನೆಯ ದಿನ ಅವನು ನಿಜವಾಗಿ ಕೊಡಬೇಕಾದದ್ದು 30 ಲಕ್ಷ ಮಾತ್ರ ಎಂದಿಟ್ಟುಕೊಂಡರೆ, ವಿಮಾದಾರನ ಲೆಕ್ಕದಲ್ಲಿ ಬರುವುದು 1 ಕೋಟಿಯ ಮಿತಿ, ಕೊಳ್ಳುಗನ ಲೆಕ್ಕದಲ್ಲಿ ಇರುವುದು 30 ಲಕ್ಷದ ಬಾಕಿ. ಅದೇ ಕೊಳ್ಳುಗನಿಗೆ ವಿಯೆಟ್ನಾಮಿನ ವ್ಯಾಪಾರಿಯೂ ತನ್ನ ವಿಮಾದಾರನಿಂದ ಇನ್ನೊಂದು ಮಿತಿ ಪಡೆದಿದ್ದರೆ, ಬಾಕಿ ಒಂದು ರೂಪಾಯಿಯೂ ಬೆಳೆಯದೆ ಹೊಣೆಮೊತ್ತ ಬೆಳೆಯುತ್ತದೆ. ಇನ್ನು ದೀರ್ಘಾವಧಿಯ ಯಂತ್ರೋಪಕರಣಗಳ ಉದ್ದರಿಯಲ್ಲಿ ಅಸಲಿನ ಜೊತೆಗೆ ಮುಂದಿನ ವರ್ಷಗಳಲ್ಲಿ ಬರಬೇಕಾದ ಬಡ್ಡಿಯನ್ನೂ ವಿಮಾ ಕರಾರಿನೊಳಗೆ ಸೇರಿಸುವುದು ವಾಡಿಕೆ. ಐಎಂಎಫ್ ಮತ್ತು ಸಹ ಸಂಸ್ಥೆಗಳ ವಿದೇಶಿ ಸಾಲದ ಮಾರ್ಗದರ್ಶಿ ವಿಧಿಸುವ ವ್ಯಾಖ್ಯೆಯ ಪ್ರಕಾರ ಸಾಲವೆಂದರೆ ಇಂದು ವಾಸ್ತವವಾಗಿ ಇರುವ ಬಾಕಿ. ಏನಾದರೂ ಘಟಿಸಿದರೆ ಮಾತ್ರ ಹುಟ್ಟುವ ಸಂಭಾವ್ಯ ಹೊಣೆಗೆ ಅದರಲ್ಲಿ ಸ್ಥಾನವಿಲ್ಲ. ವಿಮೆಯ ಹೊಣೆಯಾದರೋ ಹುಟ್ಟಿನಿಂದಲೇ ಸಂಭಾವ್ಯ ಹೊಣೆ, ಅದೂ ವಿಮಾದಾರನ ಹೊಣೆ. ಸಾಲದ ಕೋಷ್ಟಕದಲ್ಲಿ ಅದನ್ನು ಇಟ್ಟದ್ದು ಪೂರಕ ಮಾಹಿತಿಯಾಗಿ. ಓದುವವರು ಅದನ್ನೇ ಸಾಲವೆಂದು ಓದಿದ್ದು ಪ್ರಮಾದ. ಇದರ ಮೇಲೆ, ರಫ್ತಿಗೆ ಬ್ಯಾಂಕೊಂದು ಕೊಟ್ಟ ಸಾಲಕ್ಕೆ ವಿಮೆಯಿದ್ದರೆ ಅದೇ ಸಾಲ ಬ್ಯಾಂಕುಗಳ ಲೆಕ್ಕದಲ್ಲಿ ಒಮ್ಮೆ, ವಿಮಾದಾರರ ಲೆಕ್ಕದಲ್ಲಿ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. ಎರಡನ್ನೂ ಕೂಡಿಸುವ ಅವಸರದ ಓದುಗ ಒಂದೇ ಎಮ್ಮೆಯನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ಈ ದೋಷಗಳು ಎಲ್ಲ ದೇಶಗಳಿಗೂ ಸಮಾನವಾಗಿ ತಟ್ಟುವುದರಿಂದ ಹೋಲಿಕೆಗೆ ಬಾಧೆಯಿಲ್ಲವೆಂದು ಪೂರ್ವಪಕ್ಷ ಉತ್ತರಿಸಬಹುದು. ಆದರೆ ಅವು ಸಮಾನವಾಗಿ ತಟ್ಟುವುದಿಲ್ಲ ಎಂಬುದಕ್ಕೆ ಮಾರ್ಷಲ್ ದ್ವೀಪಗಳೇ ನಿದರ್ಶನ. 29 ಹವಳದ ವಲಯಗಳು ಮತ್ತು 5 ಒಂಟಿ ದ್ವೀಪಗಳ ಈ ಗಣರಾಜ್ಯದ ಒಟ್ಟು ನೆಲ 181 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಅಲ್ಲಿ ಎಣಿಕೆಯಾದವರು ಸುಮಾರು 42 ಸಾವಿರ ಮಂದಿ. ಕೊಬ್ಬರಿ, ಟ್ಯೂನಾ ಮೀನುಗಾರಿಕೆಯ ಪರವಾನಗಿ ಶುಲ್ಕ, 1986ರಿಂದ ಜಾರಿಯಲ್ಲಿರುವ ಒಪ್ಪಂದದಡಿ ಅಮೆರಿಕದಿಂದ ಬರುವ ಅನುದಾನ, ಇವು ಅಲ್ಲಿನ ಬದುಕಿನ ಆಧಾರಗಳು. ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್. ಇಷ್ಟು ಸಣ್ಣ ದೇಶದ ಹೆಸರಿನಲ್ಲಿ 5000ಕ್ಕೂ ಹೆಚ್ಚು ನೌಕೆಗಳು ನೋಂದಣಿಯಾಗಿದ್ದು, ಲೈಬೀರಿಯ ಮತ್ತು ಪನಾಮಗಳೊಂದಿಗೆ ಅದು ಜಗತ್ತಿನ ಮೂರು ಅತಿದೊಡ್ಡ ಹಡಗು ನೋಂದಣಿಗಳಲ್ಲಿ ಒಂದೆನಿಸಿದೆ. ಆ ನೋಂದಣಿಯ ಕೆಲಸಕಾರ್ಯ ನಡೆಯುವುದು ರಾಜಧಾನಿ ಮಜುರೊದಲ್ಲಲ್ಲ. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಕೇಂದ್ರ ಕಚೇರಿಯಿರುವ ಖಾಸಗಿ ಕಂಪನಿಯೊಂದು ಅದನ್ನು ನಿರ್ವಹಿಸುತ್ತದೆ. ಹಡಗಿನ ಮಾಲೀಕ ಗ್ರೀಸಿನವನೋ ಜರ್ಮನಿಯವನೋ ಆಗಿರಬಹುದು. ಆದರೆ ಪ್ರತಿಯೊಂದು ಹಡಗಿಗೂ ಮಾರ್ಷಲ್ ದ್ವೀಪಗಳ ಕಾನೂನಿನಡಿ ಒಂದೊಂದು ಪ್ರತ್ಯೇಕ ಕಂಪನಿ ಸ್ಥಾಪಿಸಿ, ಆ ಹಡಗನ್ನು ಮಾತ್ರ ಅದರ ಆಸ್ತಿಯಾಗಿ ಇಡುವುದು ನೌಕಾ ವ್ಯವಹಾರದ ಪದ್ಧತಿ. ಹೊರಗಿನವರಿಗಾಗಿಯೇ ರೂಪಿಸಿದ ಇಂಥ ಕಾಗದದ ಕಂಪನಿಗೆ ಅಲ್ಲಿ ನೌಕರರಾಗಲಿ, ಅಂಗಳವಾಗಲಿ ಇರಬೇಕಾಗಿಲ್ಲ.

ದಕ್ಷಿಣ ಕೊರಿಯದ ಉಲ್ಸಾನ್ ಅಥವಾ ಗೊಜೆ ದ್ವೀಪದ ಹಡಗುಕಟ್ಟೆಯಲ್ಲಿ ಇಂಥ ಒಂದು ಕಂಪನಿಗಾಗಿ ನೈಸರ್ಗಿಕ ಅನಿಲ ಸಾಗಿಸುವ ಹಡಗೊಂದು ಸಿದ್ಧವಾಗುವುದನ್ನು ಹತ್ತಿರದಿಂದ ನೋಡಿದರೆ ಅಂಕಿಯ ಹುಟ್ಟು ಸ್ಪಷ್ಟವಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಂಥ ಒಂದು ಹೊಸ ಹಡಗಿನ ಬೆಲೆ 25 ಕೋಟಿ ಡಾಲರಿನ ಆಸುಪಾಸು. ಸರ್ಕಾರಿ ಬೆಂಬಲದ ಹಡಗು ಸಾಲಗಳಿಗೆ ಒಇಸಿಡಿ ದೇಶಗಳು ಒಪ್ಪಿಕೊಂಡಿರುವ ನಿಯಮದಂತೆ ಹಡಗು ಕೈಸೇರುವಷ್ಟರಲ್ಲಿ ಕನಿಷ್ಠ ಶೇ. 20ರಷ್ಟು ಹಣವನ್ನು ಕೊಳ್ಳುಗ ಕಟ್ಟಿರಬೇಕು, ಉಳಿದದ್ದನ್ನು 12 ವರ್ಷಗಳೊಳಗೆ ತೀರಿಸಬೇಕು. ಉಳಿದ 20 ಕೋಟಿ ಡಾಲರನ್ನು ಬ್ಯಾಂಕುಗಳು ಕೊಟ್ಟು, ಆ ಪೂರ್ತಿ ಸಾಲಕ್ಕೆ ಕೊರಿಯದ ಸರ್ಕಾರಿ ವಿಮಾ ಸಂಸ್ಥೆ ರಕ್ಷಣೆ ಕೊಟ್ಟಿತೆಂದುಕೊಂಡರೆ, ಸಾಲಗಾರನ ಕಾನೂನುಬದ್ಧ ವಿಳಾಸ ಎಲ್ಲಿದೆಯೋ ಸಾಲವೂ ಅಲ್ಲಿನದೇ ಎನ್ನುವ ನೆಲೆಯ ನಿಯಮದ ಪ್ರಕಾರ ಆ ಹೊಣೆಮೊತ್ತ ಮಾರ್ಷಲ್ ದ್ವೀಪಗಳ ಹೆಸರಿಗೆ ಸೇರುತ್ತದೆ. ಆ ದೇಶದ ಇಡೀ ವರ್ಷದ ಜಿಡಿಪಿ ಒಂದು ಅನಿಲ ಹಡಗಿನ ಬೆಲೆಗೆ ಹೆಚ್ಚುಕಡಿಮೆ ಸಮ. ಅಂದರೆ ಮಜುರೊದಲ್ಲಿ ಒಬ್ಬನೂ ಒಂದು ಡಾಲರ್ ಸಾಲ ಕೇಳದಿದ್ದರೂ, ಒಬ್ಬನೂ ಹಡಗನ್ನು ಕಣ್ಣಾರೆ ಕಾಣದಿದ್ದರೂ, ಉಲ್ಸಾನಿನಲ್ಲಿ ಒಂದು ಹಡಗು ನೀರಿಗಿಳಿದ ದಿನ ಆ ದೇಶದ ವಿಮೆಗೊಳಪಟ್ಟ ಉದ್ದರಿ ಜಿಡಿಪಿಯ ಸುಮಾರು ಮುಕ್ಕಾಲು ಪಾಲಿನಷ್ಟು ಏರಬಹುದು. ವಿದೇಶಿ ಬ್ಯಾಂಕುಗಳಿಗೆ ಆ ದೇಶದ ನಿವಾಸಿಗಳಿಂದ ಬರಬೇಕಾದ ಬಾಕಿ ಅದರ ಜಿಡಿಪಿಯ ಅನೇಕ ಪಟ್ಟು ಇರುವುದಾಗಿ ಇತ್ಯರ್ಥ ಬ್ಯಾಂಕಿನ ಲೆಕ್ಕಗಳು ತೋರಿಸುವುದಕ್ಕೂ ಇದೇ ಕಾರಣ. ಅತ್ತ ಆ ಗಣರಾಜ್ಯದ ಸರ್ಕಾರ ನಿಜವಾಗಿ ಮಾಡಿರುವ ವಿದೇಶಿ ಸಾಲವಾದರೋ ಸಾಧಾರಣ ಮೊತ್ತದ್ದು, ಬಹುಪಾಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನಿಂದ ಪಡೆದದ್ದು.

ಹಡಗಿನ ಹೊಣೆ ಬಾವುಟದ ದೇಶಕ್ಕೆ ಬರುವುದಿಲ್ಲ ಎಂಬುದಕ್ಕೆ 2010ರ ಏಪ್ರಿಲ್ 20ರ ದುರಂತಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಅಂದು ಮೆಕ್ಸಿಕೊ ಕೊಲ್ಲಿಯಲ್ಲಿ ಸ್ಫೋಟಿಸಿ 11 ಮಂದಿಯನ್ನು ಬಲಿ ತೆಗೆದುಕೊಂಡ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ತೇಲುಕಟ್ಟೆ ಉಲ್ಸಾನಿನಲ್ಲಿ ನಿರ್ಮಾಣವಾಗಿ 2001ರಲ್ಲಿ ಕೆಲಸಕ್ಕಿಳಿದದ್ದು. ಅದು ಹೊತ್ತಿದ್ದದ್ದು ಮಾರ್ಷಲ್ ದ್ವೀಪಗಳ ಬಾವುಟ, ಅದರ ನೋಂದಣಿ ಬಂದರು ಮಜುರೊ. ಬಾವುಟದ ದೇಶವಾಗಿ ಆ ಗಣರಾಜ್ಯ ತನಿಖಾ ವರದಿಯೊಂದನ್ನು ಪ್ರಕಟಿಸಿದ್ದನ್ನು ಬಿಟ್ಟರೆ, ಪರಿಹಾರ ಮತ್ತು ದಂಡದ ಶತಕೋಟಿಗಟ್ಟಲೆ ಡಾಲರುಗಳ ಲೆಕ್ಕ ಚುಕ್ತಾ ಆದದ್ದು ತೈಲ ಕಂಪನಿ, ಕಟ್ಟೆಯ ಮಾಲೀಕ ಕಂಪನಿ ಮತ್ತು ಗುತ್ತಿಗೆದಾರರ ನಡುವೆ, ಅಮೆರಿಕದ ನ್ಯಾಯಾಲಯಗಳಲ್ಲಿ. ಮಜುರೊದ ಖಜಾನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಅಷ್ಟು ದೊಡ್ಡ ಅನಾಹುತದಲ್ಲಿ ಬಾವುಟದ ದೇಶದಿಂದ ಹಣ ಕೇಳುವ ಯೋಚನೆ ಯಾರಿಗೂ ಬಾರದಿರುವಾಗ, ಅದೇ ಬಾವುಟದಡಿ ಓಡುವ ಹಡಗಿನ ಸಾಲವನ್ನು ಆ ದೇಶದ ಸಾಲವೆಂದು ಕೋಷ್ಟಕ ಓದುವವರು ಹೇಳುವುದಕ್ಕೆ ಆಧಾರವೇನು ಎಂಬ ಪ್ರಶ್ನೆಗೆ ಪೂರ್ವಪಕ್ಷದ ಬಳಿ ಉತ್ತರವಿಲ್ಲ.

ಇನ್ನೊಂದು ತಟ್ಟೆಯಲ್ಲಿ ಭೂತಾನ್ ಇದೆ. 2017ರ ಜನಗಣತಿಯಂತೆ ಸುಮಾರು 7.27 ಲಕ್ಷ ಜನರಿರುವ ಈ ದೇಶದ ವಿದೇಶಿ ಸಾಲ ಅದರ ಜಿಡಿಪಿಯನ್ನೂ ಮೀರಿ ಬೆಳೆದಿದ್ದು, ಅದರ ಅರ್ಧಕ್ಕಿಂತ ಹೆಚ್ಚು ಪಾಲು ಜಲವಿದ್ಯುತ್ ಯೋಜನೆಗಳಿಗಾಗಿ ತಂದದ್ದು. 336 ಮೆಗಾವಾಟಿನ ಚುಖಾ ಮತ್ತು 1020 ಮೆಗಾವಾಟಿನ ತಾಲಾ ಯೋಜನೆಗಳಿಗೆ ಭಾರತ ಸರ್ಕಾರ ಶೇ. 60ರಷ್ಟು ಹಣವನ್ನು ಅನುದಾನವಾಗಿಯೂ ಶೇ. 40ರಷ್ಟನ್ನು ಸಾಲವಾಗಿಯೂ ಕೊಟ್ಟಿತು. 2019ರಲ್ಲಿ ಪೂರ್ಣಗೊಂಡ 720 ಮೆಗಾವಾಟಿನ ಮಾಂಗ್‌ದೆಛು ಯೋಜನೆಯ ಹೊತ್ತಿಗೆ ಅನುಪಾತ ಬದಲಾಗಿ, ಅನುದಾನ ಶೇ. 30ಕ್ಕಿಳಿದು ಸಾಲ ಶೇ. 70ಕ್ಕೇರಿತು. ಈ ಯೋಜನೆಗಳಿಗೆ ಟರ್ಬೈನು, ಜನರೇಟರುಗಳನ್ನು ಕೊಟ್ಟದ್ದು ಭಾರತದ ಬಿಎಚ್‌ಇಎಲ್. ಒಂದು ದೇಶದ ಕಾರ್ಖಾನೆ ಇನ್ನೊಂದು ದೇಶದ ಅಣೆಕಟ್ಟಿಗೆ ಭಾರೀ ವಿದ್ಯುತ್ ಯಂತ್ರಗಳನ್ನು ಮಾರುವುದು ದೀರ್ಘಾವಧಿ ರಫ್ತು ಉದ್ದರಿಗೆ ಪಠ್ಯಪುಸ್ತಕಗಳಲ್ಲಿ ಕೊಡುವ ಮಾದರಿ ಉದಾಹರಣೆ. ಬೇರೆ ಯಾವುದೇ ದೇಶವಾಗಿದ್ದರೆ ಅಂಥ ಮಾರಾಟಕ್ಕೆ ವಿಮೆ, ಪ್ರೀಮಿಯಂ, ವರ್ಷಗಟ್ಟಲೆ ಕಂತುಗಳ ಕರಾರು ಹುಟ್ಟುವುದು ಸಹಜವಾಗಿತ್ತು. ಭೂತಾನಿನಲ್ಲಿ ಯೋಜನೆಯ ಹಣವನ್ನೇ ಭಾರತ ಸರ್ಕಾರ ಒದಗಿಸಿದ್ದರಿಂದ ಯಂತ್ರದ ಬೆಲೆ ಆ ನಿಧಿಯಿಂದಲೇ ಸಂದಾಯವಾಗುವಂತಾಗಿ, ಉದ್ದರಿಗೂ ವಿಮೆಗೂ ಎಡೆಯೇ ಉಳಿಯಲಿಲ್ಲ. ದೇಶದ ವ್ಯಾಪಾರದ ಬಹುಪಾಲು ಭಾರತದೊಂದಿಗೆ, ರೂಪಾಯಿಯಲ್ಲಿ ನಡೆಯುವುದರಿಂದಲೂ, ಭೂತಾನಿನ ನಾಣ್ಯವಾದ ಗುಲ್ಟ್ರಮ್ ರೂಪಾಯಿಗೆ ಸಮಬೆಲೆಯಲ್ಲಿ ಕಟ್ಟಿಕೊಂಡಿರುವುದರಿಂದಲೂ, ಡಾಲರ್ ಹೊರಹೋಗದಂತೆ ತಡೆಯುವ ಅಪಾಯಕ್ಕಾಗಿ ವಿಮೆ ಕೊಳ್ಳುವ ಪ್ರಮೇಯವೂ ಅಲ್ಲಿ ಕಡಿಮೆ. ಹೀಗಾಗಿ ಜಿಡಿಪಿಯನ್ನು ಮೀರಿದ ಸಾಲವಿರುವ ದೇಶ ವಿಮೆಗೊಳಪಟ್ಟ ಉದ್ದರಿಯ ಸಾಲಿನಲ್ಲಿ ತನ್ನ ಸಾಲದ ಸುಳಿವನ್ನೇ ಕೊಡುವುದಿಲ್ಲ.

ಈಗ ಎರಡು ತಟ್ಟೆಗಳನ್ನು ಒಟ್ಟಿಗೆ ಎತ್ತಿ ನೋಡಿದರೆ, ತಕ್ಕಡಿ ಹೇಳುವುದು ಮಾರ್ಷಲ್ ದ್ವೀಪಗಳು ಸಾಲದ ಮಡುವಿನಲ್ಲಿವೆ, ಭೂತಾನ್ ದಡದಲ್ಲಿದೆ ಎಂದು. ವಾಸ್ತವದಲ್ಲಿ ಸರ್ಕಾರದ ಮೇಲೆ ಭಾರೀ ಸಾಲವಿರುವುದು ಭೂತಾನಿನಲ್ಲಿ. ಇಲ್ಲಿ ಪೂರ್ವಪಕ್ಷದ ಚತುರ ವಾದಿಯೊಬ್ಬ, ಸಾಲ ಬಾಧೆಯ ಅಪಾಯದ ದೃಷ್ಟಿಯಿಂದ ಐಎಂಎಫ್ ಮಾರ್ಷಲ್ ದ್ವೀಪಗಳನ್ನು ಹೆಚ್ಚಿನ ಅಪಾಯದ ವರ್ಗದಲ್ಲೂ ಭೂತಾನನ್ನು ಮಧ್ಯಮ ಅಪಾಯದ ವರ್ಗದಲ್ಲೂ ಇರಿಸಿದೆಯಲ್ಲ, ಅಲ್ಲಿಗೆ ತಕ್ಕಡಿ ಸರಿಯಾಗಿಯೇ ತೂಗಿತಲ್ಲ ಎಂದು ಕೇಳಬಹುದು. ಆದರೆ ಮಾರ್ಷಲ್ ದ್ವೀಪಗಳ ಬಗೆಗಿನ ಆ ಎಣಿಕೆ ನಿಂತಿರುವುದು ಹೊರಗಿನ ಅನುದಾನದ ಮೇಲಿನ ಅವಲಂಬನೆ, ಸಮುದ್ರಮಟ್ಟದ ಏರಿಕೆ, ಕಿರಿದಾದ ಆದಾಯಮೂಲ ಇವುಗಳ ಮೇಲೆ. ಅದರಲ್ಲಿ ಹಡಗುಗಳ ಸಾಲಕ್ಕೆ ಪಾತ್ರವಿಲ್ಲ. ಭೂತಾನಿನ ಬಗೆಗಿನ ಎಣಿಕೆ ನಿಂತಿರುವುದು ಜಲವಿದ್ಯುತ್ ಸಾಲದ ಕಂತುಗಳು ಭಾರತಕ್ಕೆ ಮಾರುವ ವಿದ್ಯುತ್ತಿನ ಹಣದಿಂದಲೇ ತೀರುತ್ತವೆ ಎಂಬ ಏರ್ಪಾಟಿನ ಮೇಲೆ. ವಿಮೆ ಇಲ್ಲದಿರುವುದಕ್ಕೆ ಅದರಲ್ಲಿ ಬೆಲೆಯಿಲ್ಲ. ಎರಡು ತೀರ್ಮಾನಗಳು ಒಂದೆಡೆ ಬಂದು ಸೇರಿದ್ದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಾಕತಾಳೀಯ. ಹಡಗುಗಳೆಲ್ಲ ನಾಳೆ ಲೈಬೀರಿಯದ ಬಾವುಟ ಹಾರಿಸಿಕೊಂಡು ಹೊರಟುಹೋದರೆ ಮಾರ್ಷಲ್ ದ್ವೀಪಗಳ ಹೊಣೆಮೊತ್ತ ಕುಸಿದುಬೀಳುತ್ತದೆ, ಮತ್ತು ಅದೇ ದಿನ, ನೋಂದಣಿ ಶುಲ್ಕದ ಆದಾಯವನ್ನು ಕಳೆದುಕೊಂಡ ಆ ಸರ್ಕಾರದ ಹಣಕಾಸು ಇನ್ನಷ್ಟು ದುರ್ಬಲವಾಗುತ್ತದೆ. ತೂಕ ಇಳಿದಾಗ ಅಪಾಯ ಏರುವಂಥ ತಕ್ಕಡಿಯಿಂದ ಅಪಾಯವನ್ನು ತೂಗಲಾಗದು.

ಕಡಿಮೆ ಹೊಣೆಮೊತ್ತವನ್ನು ಶುಭಲಕ್ಷಣವೆಂದು ಓದುವ ಅಭ್ಯಾಸಕ್ಕೂ ಇಲ್ಲಿಯೇ ಉತ್ತರ ಹೇಳಬೇಕಾಗುತ್ತದೆ. ಒಂದು ದೇಶದ ಎದುರು ಸೊನ್ನೆಗೆ ಸಮೀಪದ ಅಂಕಿ ಇರುವುದಕ್ಕೆ ಭೂತಾನಿನಲ್ಲಿರುವಂತೆ ವಿಮೆ ಬೇಕಿಲ್ಲದಷ್ಟು ಗಟ್ಟಿಯಾದ ನೆರೆಯ ಆಸರೆ ಕಾರಣವಿರಬಹುದು. ಯಾವ ವಿಮಾದಾರನೂ ಹತ್ತಿರ ಸುಳಿಯದಷ್ಟು ಕೆಟ್ಟುಹೋದ ಹೆಸರೂ ಕಾರಣವಿರಬಹುದು. ವ್ಯಾಪಾರಿಗಳು ಮುಂಗಡ ಹಣವಿಲ್ಲದೆ ಮಾಲು ಕಳಿಸಲು ಒಪ್ಪದ ದೇಶದಲ್ಲಿ ಉದ್ದರಿಯೇ ಹುಟ್ಟುವುದಿಲ್ಲ, ಉದ್ದರಿ ಇಲ್ಲದಲ್ಲಿ ವಿಮೆಯ ಹೊಣೆಯೂ ಇಲ್ಲ. ಇಂದು ನಗದು, ನಾಳೆ ಉದ್ರಿ ಎಂಬ ಫಲಕ ತೂಗುಹಾಕಿದ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬಾಕಿದಾರರ ಹೆಸರಿಲ್ಲದಿರುವುದನ್ನು ಕಂಡು ಬೀದಿಯವರೆಲ್ಲ ಶ್ರೀಮಂತರೆಂದು ಭಾವಿಸುವುದು ಎಷ್ಟು ಸರಿಯೋ, ಸೊನ್ನೆಯನ್ನು ಕಂಡು ದೇಶ ಸುರಕ್ಷಿತವೆಂದು ಭಾವಿಸುವುದೂ ಅಷ್ಟೇ ಸರಿ. ಬಿಕ್ಕಟ್ಟಿನ ಮುನ್ಸೂಚನೆ ಕಂಡೊಡನೆ ವಿಮಾದಾರರು ಹೊಸ ಮಿತಿಗಳನ್ನು ನಿಲ್ಲಿಸಿ ಹಳೆಯವನ್ನು ಕತ್ತರಿಸುವುದರಿಂದ, ದೇಶವೊಂದು ಸಂಕಟಕ್ಕೆ ಜಾರುತ್ತಿರುವ ಹೊತ್ತಿನಲ್ಲೇ ಅದರ ಅಲ್ಪಾವಧಿ ಹೊಣೆಮೊತ್ತ ಇಳಿಮುಖವಾಗಿ, ಕೋಷ್ಟಕದಲ್ಲಿ ಅದು ಚೇತರಿಸಿಕೊಂಡಂತೆ ಕಾಣಬಹುದು.

ಇಷ್ಟನ್ನು ಗಮನಿಸಿದ ಮೇಲೆ ಪೂರ್ವಪಕ್ಷದ ನಾಲ್ಕು ವಾದಗಳಿಗೆ ಉತ್ತರ ಹೇಳುವುದು ಸುಲಭ. ನಮೂನೆ ಒಂದೇ ಆಗಿರುವುದರಿಂದ ಅಳತೆ ಒಂದೇ ಆಗುವುದಿಲ್ಲ. ಒಂದು ವಿಮಾ ಸಂಸ್ಥೆ ಕಾಗದದ ಕಂಪನಿಯ ವಿಳಾಸವನ್ನೂ ಇನ್ನೊಂದು ಅದರ ಹಿಂದೆ ಜಾಮೀನು ನಿಂತ ಮೂಲ ಕಂಪನಿಯ ದೇಶವನ್ನೂ ಅಪಾಯದ ನೆಲೆಯೆಂದು ಹಿಡಿದರೆ, ಒಂದೇ ಬಗೆಯ ಎರಡು ಹಡಗುಗಳಲ್ಲಿ ಒಂದರ ಸಾಲ ಮಜುರೊಕ್ಕೂ ಇನ್ನೊಂದರದು ಅಥೆನ್ಸಿಗೂ ಸೇರುತ್ತದೆ, ಮತ್ತು ಒಟ್ಟುಮೊತ್ತದಲ್ಲಿ ಆ ಭೇದ ಅಳಿಸಿಹೋಗಿರುತ್ತದೆ. ವಿಮಾದಾರನ ಹಣ ಪಣದಲ್ಲಿದೆ ಎಂಬುದು ನಿಜವಾದರೂ ಅವನು ಪಣವೊಡ್ಡಿರುವುದು ಮಜುರೊದ ಖಜಾನೆಯ ಮೇಲಲ್ಲ, ಹಡಗು ಗಳಿಸುವ ಬಾಡಿಗೆಯ ಮೇಲೆ ಮತ್ತು ಬಾಡಿಗೆ ಬಾರದಿದ್ದರೆ ಜಪ್ತಿ ಮಾಡಿ ಮಾರಬಹುದಾದ ಉಕ್ಕಿನ ಒಡಲಿನ ಮೇಲೆ. ಅವನ ವಿವೇಕವನ್ನು ನಂಬುವವರು ಅವನು ಯಾವುದನ್ನು ನಂಬಿದ್ದಾನೆ ಎಂಬುದನ್ನೂ ನೋಡಬೇಕು. ಜಿಡಿಪಿಯಿಂದ ಭಾಗಿಸುವುದರಿಂದ ದೋಷ ಕಳೆಯುವ ಬದಲು ಇಮ್ಮಡಿಯಾಗುತ್ತದೆ, ಏಕೆಂದರೆ ಮೇಲಿನ ಅಂಕಿ ಒಂದು ಆರ್ಥಿಕತೆಗೂ ಕೆಳಗಿನ ಅಂಕಿ ಇನ್ನೊಂದು ಆರ್ಥಿಕತೆಗೂ ಸೇರಿದ್ದು; ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಎಂಬ ಗಾದೆಯ ನ್ಯಾಯ ಸಲ್ಲಬೇಕಾದರೆ ಮೊದಲು ಆನೆಯ ಭಾರವನ್ನು ಇರುವೆಯ ಬೆನ್ನಿನಿಂದ ಇಳಿಸಬೇಕು. ಹಡಗು ನೋಂದಣಿಯ ದೇಶಗಳನ್ನು ಅಪವಾದವೆಂದು ಕೋಷ್ಟಕದಿಂದ ತೆಗೆದುಹಾಕಿದರೆ ಸಾಕೆಂದು ಹೇಳುವವರು ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೇಳಲಾರರು: ಮಾಲ್ಟಾ, ಸೈಪ್ರಸ್ಸುಗಳಲ್ಲಿ ಹಡಗಿನ ನೋಂದಣಿಯೂ ಇದೆ, ನಿಜವಾದ ಊರು, ಕೈಗಾರಿಕೆ, ವ್ಯಾಪಾರಗಳೂ ಇವೆ; ವಿಮಾನ ಖರೀದಿಗೆಂದು ಸ್ಥಾಪಿಸುವ ಕಾಗದದ ಕಂಪನಿಗಳು ಕೇಮನ್ ದ್ವೀಪಗಳಲ್ಲಿವೆ. ಭೂತಾನಿನಂಥ ದೇಶ ಕೂಡ ಈ ಏರುಪೇರಿನಿಂದ ಹೊರತಲ್ಲ. ಅದರ ಡ್ರುಕ್‌ಏರ್ 2004ರಲ್ಲಿ ಎರಡು ಏರ್‌ಬಸ್ ಎ319 ವಿಮಾನಗಳನ್ನು ತಂದಂತೆ ಮುಂದೆ ಎಂದಾದರೂ ವಿಮೆಯ ರಕ್ಷಣೆಯ ಸಾಲದಲ್ಲಿ ಇನ್ನೆರಡನ್ನು ತಂದರೆ, ಅಂದಿನವರೆಗೆ ಮಿತವ್ಯಯಿಯೆನಿಸಿದ್ದ ದೇಶ ಕೋಷ್ಟಕದಲ್ಲಿ ರಾತ್ರಿ ಬೆಳಗಾಗುವುದರೊಳಗೆ ದುಂದುಗಾರನಾಗಿಬಿಡುತ್ತದೆ.

ಬೇರೆ ಗತಿಯಿಲ್ಲ ಎಂಬ ಮೂರನೆಯ ವಾದದಲ್ಲಿ ಮಾತ್ರ ತಿರುಳಿದೆ. ಸಾಲ ಕೊಟ್ಟವರ ಲೆಕ್ಕಕ್ಕೆ ಒಂದು ದೊಡ್ಡ ಉಪಯೋಗವುಂಟು: ಒಂದೇ ದೇಶದ ಅಂಕಿಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ, ಅದು ಹಠಾತ್ತನೆ ಏರಿದ ಅಥವಾ ಇಳಿದ ಕಡೆ ನಿಂತು, ಆ ದೇಶದ ಸರ್ಕಾರದ ಸ್ವಂತ ಲೆಕ್ಕದೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಂಡಲ್ಲಿ ಕಾರಣ ಕೇಳುವುದು. ಅಂಥ ಓದಿನಲ್ಲಿ ಈ ಸಾಲು ತನಿಖೆಯ ಮೊದಲ ಎಳೆಯಾಗಬಲ್ಲದು. ಎರಡು ಸಣ್ಣ ದೇಶಗಳನ್ನು ಅಕ್ಕಪಕ್ಕ ನಿಲ್ಲಿಸುವ ಓದಿನಲ್ಲಿ ಅದೇ ಸಾಲು ತನಿಖೆಯನ್ನು ನಡೆಸದೆಯೇ ಕೊಟ್ಟ ತೀರ್ಪಾಗುತ್ತದೆ. ಲೆಕ್ಕ ಸಿಗುವುದು ಇದೊಂದೇ ಎಂಬ ಕಾರಣಕ್ಕೆ ಅದು ಕೊಡಲಾರದ ಉತ್ತರವನ್ನು ಅದರ ಬಾಯಿಂದ ಹೇಳಿಸುವುದು ಅಂಕಿಯ ತಪ್ಪಲ್ಲ, ಓದುವವರ ತಪ್ಪು.

ಹೋಲಿಸಲೇಬೇಕೆಂದಿದ್ದರೆ ಹೋಲಿಸಬೇಕಾದದ್ದು ಮೊತ್ತಗಳನ್ನಲ್ಲ, ಮೊತ್ತದ ಹಿಂದಿನ ಕರಾರುಗಳನ್ನು. ಹಣವನ್ನು ತೀರಿಸುವವರು ಯಾರು, ಯಾವ ಗಳಿಕೆಯಿಂದ ತೀರಿಸುತ್ತಾರೆ, ತೀರಿಸದೆ ಹೋದರೆ ವಿಮಾದಾರ ಯಾರ ಬಾಗಿಲಿಗೆ ಹೋಗುತ್ತಾನೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಭೂತಾನಿನಲ್ಲಿ ತೀರಿಸುವುದು ನದಿಯ ನೀರಿನಿಂದ ಹುಟ್ಟಿದ ವಿದ್ಯುತ್ತಿನ ಬೆಲೆ. ಮಳೆಗಾಲ ಕೈಕೊಟ್ಟರೆ, ಯೋಜನೆ ತಡವಾಗಿ ವೆಚ್ಚ ಏರಿದರೆ, ಸಾಲ ಕೊಟ್ಟ ಭಾರತ ಸರ್ಕಾರ ಮತ್ತು ಸಾಲ ಪಡೆದ ಭೂತಾನ್ ಸರ್ಕಾರ ಎದುರುಬದುರು ಕೂರಬೇಕಾಗುತ್ತದೆ, ಆ ಮಾತುಕತೆಯ ಭಾರ ಪ್ರತಿಯೊಬ್ಬ ಭೂತಾನಿಯ ಮೇಲೂ ಬೀಳುತ್ತದೆ. ಮಾರ್ಷಲ್ ದ್ವೀಪಗಳ ಹೆಸರಿನ ಹಡಗಿನಲ್ಲಿ ತೀರಿಸುವುದು ಅನಿಲ ಕಂಪನಿಯೊಂದು ಕೊಡುವ ಬಾಡಿಗೆ. ಅದು ನಿಂತರೆ ಸಾಲಗಾರರು ನ್ಯಾಯಾಲಯದ ಆಜ್ಞೆ ಹಿಡಿದು ಸಿಂಗಪುರದಲ್ಲೋ ರಾಟರ್‌ಡ್ಯಾಮಿನಲ್ಲೋ ಹಡಗನ್ನು ತಡೆದು ನಿಲ್ಲಿಸುತ್ತಾರೆ, ಹರಾಜು ಹಾಕುತ್ತಾರೆ, ಹೊಸ ಮಾಲೀಕ ಅದಕ್ಕೆ ಬೇರೆ ಹೆಸರಿಟ್ಟು ಬೇರೆ ಬಾವುಟ ಏರಿಸುತ್ತಾನೆ. ಆಗ ಹಡಗಿನ ಹಿಂಬದಿಯಲ್ಲಿ ಮಜುರೊ ಎಂದು ಬರೆದಿದ್ದ ಅಕ್ಷರಗಳ ಮೇಲೆ ಬಣ್ಣ ಬಳಿಯಲಾಗುತ್ತದೆ. ಮಜುರೊದಲ್ಲಿ ಮಾತ್ರ ಆ ದಿನ ಯಾರ ಮನೆಯ ಲೆಕ್ಕವೂ ಬದಲಾಗಿರುವುದಿಲ್ಲ.